ಹೊಳೆಯನ್ನು ಎಷ್ಟು ಗಂಟೆಗೆ ದಾಟುತ್ತೀರಿ? ಮನೆ ಕೊಳ್ಳುವ ಮುಂಚೆ ಲೆಕ್ಕ ಹಾಕಿ

ನಾವು ಮೊದಲು ಅಡ್ವಾನ್ಸ್ ಕೊಟ್ಟ ಫ್ಲ್ಯಾಟ್ ಮಂಗಳೂರಿನ ಸುರತ್ಕಲ್‌ನಲ್ಲಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ ಹೋಗಿ ನೋಡಿದ್ದು. ಬಾಲ್ಕನಿಯಲ್ಲಿ ನಿಂತರೆ ಸಮುದ್ರದ ಗಾಳಿ, ಕೆಳಗೆ ತೆಂಗಿನ ಮರಗಳು. ಅಲ್ಲಿಂದ ದೇರಳಕಟ್ಟೆಯಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಕಾರಿನಲ್ಲಿ 40 ನಿಮಿಷ ಹಿಡಿಯಿತು. "ನೋಡಿದ್ರಲ್ಲ ಮೇಡಂ, ಹೈವೇ ಹಿಡಿದ್ರೆ ಸೀದಾ" ಅಂದರು ಬ್ರೋಕರ್. ಆ ಸಂಜೆಯೇ 50,000 ರೂಪಾಯಿ ಕೊಟ್ಟುಬಿಟ್ಟೆವು.

ಮರುದಿನ ಸೋಮವಾರ. ಸುಮ್ನೆ ನೋಡೋಣ ಅಂತ ಬೆಳಿಗ್ಗೆ ಎಂಟಕ್ಕೆ ಅದೇ ಫ್ಲ್ಯಾಟಿನ ಗೇಟಿನಿಂದ ಹೊರಟೆ. ಕೂಳೂರು ಸೇತುವೆ ದಾಟುವಷ್ಟರಲ್ಲೇ ಅರ್ಧ ಗಂಟೆ ಕಳೆದಿತ್ತು. ನಂತೂರಿನಲ್ಲಿ ನಾಲ್ಕೂ ಕಡೆಯಿಂದ ಬಂದ ಗಾಡಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಪಂಪ್‌ವೆಲ್ ಫ್ಲೈಓವರ್ ಬೇಗ ಮುಗಿಯಿತು, ನೇತ್ರಾವತಿ ಸೇತುವೆಯ ಹತ್ತಿರ ಮತ್ತೆ ನಿಧಾನ. ಕಾಲೇಜಿನ ಗೇಟು ಮುಟ್ಟಿದಾಗ 9.25. ಫ್ಲ್ಯಾಟ್ ಬೇಡ ಅಂದೆವು. ಅಡ್ವಾನ್ಸ್‌ನಲ್ಲಿ ಅರ್ಧವಷ್ಟೇ ವಾಪಸ್ ಬಂತು. ಹೋದ 25,000 ರೂಪಾಯಿಗೆ ಕಲಿತದ್ದನ್ನು, ಆಮೇಲೆ ಒಂದೂವರೆ ವರ್ಷ ಮನೆ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಳೆಗೆ ಗೆರೆ ಎಳೆಯಿರಿ

ಮಂಗಳೂರಿನ ನಕ್ಷೆ ತೆಗೆದು ಎರಡು ಗೆರೆ ಎಳೆಯಿರಿ. ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಲ್ಲಿ ಫಲ್ಗುಣಿ, ಅಂದರೆ ನಮ್ಮ ಗುರುಪುರ ಹೊಳೆ. ಊರು ಈ ಎರಡರ ನಡುವೆ ಕೂತಿದೆ. ಈಗ ಕೆಲಸದ ಜಾಗ ಗುರುತಿಸಿ. ಬೈಕಂಪಾಡಿಯ ಕಾರ್ಖಾನೆಗಳು, ಪಣಂಬೂರು ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಎಲ್ಲ ಫಲ್ಗುಣಿಯ ಆಚೆ. ದೇರಳಕಟ್ಟೆಯ ಆಸ್ಪತ್ರೆಗಳು, ಕೊಣಾಜೆಯ ವಿಶ್ವವಿದ್ಯಾಲಯ, ಮುಡಿಪಿನ ಇನ್ಫೋಸಿಸ್ ನೇತ್ರಾವತಿಯ ಆಚೆ. ಹಂಪನಕಟ್ಟೆ, ಕಂಕನಾಡಿ, ಕೊಟ್ಟಾರ ನಡುವೆ.

ಮನೆಯಿಂದ ಕೆಲಸಕ್ಕೆ ಎಷ್ಟು ಹೊಳೆ ದಾಟಬೇಕು ಅಂತ ಎಣಿಸಿ. ಒಂದೂ ಇಲ್ಲದಿದ್ದರೆ ಪುಣ್ಯವಂತರು. ಒಂದಾದರೆ ಹೇಗೋ ನಡೆಯುತ್ತದೆ. ಎರಡಾದರೆ, ಆ ಎರಡು ಸೇತುವೆಗಳ ಮೂಡು ನೋಡಿಕೊಂಡು ನೀವು ದಿನ ಕಳೆಯಬೇಕು.

ಹೊಳೆಗೆ ಇಷ್ಟು ಮಹತ್ವ ಯಾಕೆ ಅಂದರೆ, ರಸ್ತೆಯಲ್ಲಿ ಜಾಮ್ ಆದರೆ ಯಾವುದಾದರೂ ಒಳದಾರಿ ಸಿಗುತ್ತದೆ. ಸೇತುವೆಗೆ ಒಳದಾರಿ ಇಲ್ಲ. 2021ರ ಜೂನ್‌ನಲ್ಲಿ ಫಲ್ಗುಣಿಯ ಮೇಲಿನ ಮರವೂರು ಸೇತುವೆ ಕುಸಿದು ಮುಚ್ಚಿದಾಗ ಬಜಪೆ ಕಡೆಯವರೆಲ್ಲ ಸುತ್ತು ಹಾಕಿ ಊರಿಗೆ ಬರಬೇಕಾಯಿತು. ಅಡ್ಯಾರ್–ಹರೇಕಳ ನಡುವೆ ಕಿಂಡಿ ಅಣೆಕಟ್ಟಿನ ಜೊತೆಗೇ ಸೇತುವೆ ಬಂದ ಮೇಲೆ ಹರೇಕಳ ಕಡೆಯವರಿಗೆ ತೊಕ್ಕೊಟ್ಟಿಗೆ ಹೋಗದೆ ಊರಿಗೆ ಬರಲು ಇನ್ನೊಂದು ದಾರಿಯಾಯಿತು. ಆ ಸುತ್ತಿನಲ್ಲಿ ಜಾಗ ನೋಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಊರಿನಲ್ಲೇ ಕೆಲಸ ಇರುವವರು ಪೂರ್ವದ ಕಡೆಯೂ ನೋಡಬಹುದು. ಕುಲಶೇಖರ, ವಾಮಂಜೂರು, ನೀರುಮಾರ್ಗ, ಅಡ್ಯಾರ್, ಫರಂಗಿಪೇಟೆ ಎಲ್ಲ ಎರಡು ಹೊಳೆಗಳ ನಡುವೆಯೇ ಇವೆ. ಬಿ.ಸಿ. ರೋಡಿನಿಂದ ಬರುವವರೂ ಹೊಳೆ ದಾಟಬೇಕಿಲ್ಲ, ಆದರೆ ಬ್ರಹ್ಮರಕೂಟ್ಲುವಿನಲ್ಲಿ ಟೋಲ್ ಉಂಟು. ಉತ್ತರಕ್ಕೆ ಹೋದರೆ ಸುರತ್ಕಲ್ ಟೋಲ್ 2022ರ ಡಿಸೆಂಬರ್‌ನಲ್ಲಿ ನಿಂತಿತು. ಪಡುಬಿದ್ರಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಅಂದರೆ ಹೆಜಮಾಡಿ ಟೋಲ್ ದಿನಾ ಎರಡು ಸಲ ಸಿಗುತ್ತದೆ. ಸ್ಥಳೀಯರಿಗೆ ತಿಂಗಳ ಪಾಸ್ ಇರುತ್ತದೆ, ವಿಚಾರಿಸಿ.

ಆಮೇಲೆ ಹೊತ್ತು ನೋಡಿ

ನನ್ನ ಗಂಡನ ಕೆಲಸ ಬೈಕಂಪಾಡಿಯಲ್ಲಿ, ನನ್ನದು ದೇರಳಕಟ್ಟೆಯಲ್ಲಿ. ಎರಡು ತುದಿ. ಎಲ್ಲರೂ ಹೇಳಿದ್ದು ಒಂದೇ ಮಾತು: "ನಡುವೆ ತೆಗೊಳ್ಳಿ, ಇಬ್ಬರಿಗೂ ಸಮ." ನಾವೂ ಹಾಗೇ ಅಂದುಕೊಂಡು ಯೆಯ್ಯಾಡಿ, ಪದವಿನಂಗಡಿ, ಬಿಜೈ ಎಲ್ಲ ಸುತ್ತಿದೆವು. ಅಲ್ಲಿನ ರೇಟು ಕೇಳಿ ಇನ್ನೂ ಒಂದೆರಡು ವರ್ಷ ಬಾಡಿಗೆ ಮನೆಯಲ್ಲೇ ಇರೋಣ ಅನ್ನಿಸಿತು.

ಒಂದು ರಾತ್ರಿ ಊಟ ಮಾಡುತ್ತಾ ಇಬ್ಬರ ಟೈಮ್ ಬರೆದು ನೋಡಿದೆವು. ಅವರದು ಶಿಫ್ಟ್ ಡ್ಯೂಟಿ. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಿಗ್ಗೆ 6. ಅಂದರೆ ಅವರು ರಸ್ತೆಯಲ್ಲಿರುವುದು ಬೆಳಿಗ್ಗೆ ಐದು ಗಂಟೆಗೆ, ಮಧ್ಯಾಹ್ನ ಒಂದು–ಎರಡು ಗಂಟೆಗೆ ಅಥವಾ ರಾತ್ರಿ. ಬೆಳಿಗ್ಗೆ 9ರ ಕೂಳೂರನ್ನು, ಸಂಜೆ 6ರ ನಂತೂರನ್ನು ಅವರು ವಾರದ ದಿನದಲ್ಲಿ ನೋಡುವುದೇ ಇಲ್ಲ! ನನಗಾದರೆ 9ಕ್ಕೆ ಸರಿಯಾಗಿ ಹಾಜರಿ ಹಾಕಬೇಕು, ಮಗಳ ಶಾಲೆ 8.45ಕ್ಕೆ, ಸಂಜೆ ಅವಳು ಬರುವ ಹೊತ್ತಿಗೆ ಮನೆಯಲ್ಲಿರಬೇಕು.

ಅಲ್ಲಿಗೆ ತೀರ್ಮಾನ ಆಯಿತು. ಮನೆ ತೊಕ್ಕೊಟ್ಟಿನಿಂದ ಸ್ವಲ್ಪ ಒಳಗೆ. ಅವರು ಎರಡು ಹೊಳೆ ದಾಟುತ್ತಾರೆ, ಸುಮಾರು 20 ಕಿ.ಮೀ., ಆದರೆ ಖಾಲಿ ರಸ್ತೆಯಲ್ಲಿ. ನಾನು ಒಂದೂ ದಾಟುವುದಿಲ್ಲ. ನೋಡುವವರಿಗೆ ಇದು ಅನ್ಯಾಯ ಅನ್ನಿಸಬಹುದು. ನಮ್ಮ ಅತ್ತೆಗೂ ಮೊದಲು ಹಾಗೇ ಅನ್ನಿಸಿತ್ತು. "ಅವನಿಗೆ ಅಷ್ಟು ದೂರ, ನಿನಗೆ ಇಲ್ಲೇ ಪಕ್ಕದಲ್ಲಿ" ಅಂದರು. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಇಬ್ಬರೂ ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ಹೆಚ್ಚೆಂದರೆ ಹದಿನೈದು ನಿಮಿಷದ ವ್ಯತ್ಯಾಸ.

ಹಾಗಾಗಿ ನನ್ನ ಸಲಹೆ: ಮನೆಯಲ್ಲಿ ಯಾರಿಗೆ ಟೈಮ್ ಬಿಗಿಯೋ, ಮಕ್ಕಳ ಜವಾಬ್ದಾರಿ ಯಾರ ಮೇಲಿದೆಯೋ, ಅವರಿಗೆ ಹತ್ತಿರ ಮಾಡಿ. ಜನರಲ್ ಶಿಫ್ಟ್‌ನವರು ಇಬ್ಬರೂ ಇದ್ದು, ಎರಡು ತುದಿಯಲ್ಲಿ ಕೆಲಸ ಇದ್ದರೆ ಮಾತ್ರ 'ನಡುವೆ' ಅನ್ನುವ ಮಾತು ಸರಿ. ಇಲ್ಲಿ ಮಳೆಗಾಲದ ಒಂದು ವಿಷಯವೂ ಉಂಟು. ಬೆಳಿಗ್ಗೆ ಬೇಗ ಎದ್ದು ಫೋನ್ ನೋಡಿದರೆ "ಡಿಸಿ ರಜೆ ಕೊಟ್ಟಿದ್ದಾರೆ" ಅಂತ ಮೆಸೇಜ್ ಬಂದಿರುತ್ತದೆ. ಶಾಲೆಗೆ ರಜೆ, ಅಪ್ಪ ಅಮ್ಮನಿಗೆ ಇಲ್ಲ. ಅಜ್ಜಿಯೋ ಚಿಕ್ಕಮ್ಮನೋ ಹತ್ತು ನಿಮಿಷದ ದೂರದಲ್ಲಿದ್ದರೆ ಅದರ ಬೆಲೆ ಆ ದಿನ ಗೊತ್ತಾಗುತ್ತದೆ.

ಒಂದು ಸೋಮವಾರ, ಒಂದು ಶುಕ್ರವಾರ

ಇಷ್ಟವಾದ ಮನೆಯಿಂದ ಆಫೀಸಿಗೆ ಎರಡು ಸಲ ಹೋಗಿ ಬನ್ನಿ. ಸೋಮವಾರ ಬೆಳಿಗ್ಗೆ, ಶುಕ್ರವಾರ ಸಂಜೆ. ಮುಂದೆ ದಿನಾ ಯಾವ ಗಾಡಿಯಲ್ಲಿ ಹೋಗುತ್ತೀರೋ ಅದರಲ್ಲೇ ಹೋಗಿ. ಸ್ಕೂಟರಿನಲ್ಲಿ ಹೋಗುವವರು ಕಾರಿನಲ್ಲಿ ಟ್ರಯಲ್ ನೋಡಿದರೆ ಪ್ರಯೋಜನವಿಲ್ಲ.

ಬಸ್ಸಿನಲ್ಲಿ ಹೋಗುವವರಿಗೆ ಇನ್ನೂ ಒಂದು ಕೆಲಸ. ನಮ್ಮ ಸಿಟಿ ಬಸ್ಸುಗಳು ಹೆಚ್ಚಿನವು ಸ್ಟೇಟ್‌ಬ್ಯಾಂಕ್‌ಗೆ (ಊರೊಳಗಿನ ಬಸ್ ನಿಲ್ದಾಣದ ಹೆಸರು) ಬಂದು ಸ್ಟೇಟ್‌ಬ್ಯಾಂಕ್‌ನಿಂದ ಹೋಗುತ್ತವೆ. ಸ್ಟೇಟ್‌ಬ್ಯಾಂಕ್‌ಗೆ ಒಂದೇ ಬಸ್ ಅಂದರೆ ಸುಲಭ. ಒಂದು ತುದಿಯಿಂದ ಇನ್ನೊಂದು ತುದಿಗಾದರೆ ನಡುವೆ ಇಳಿದು ಹತ್ತಬೇಕು, ಆ ಕಾಯುವ ಹೊತ್ತನ್ನೂ ಸೇರಿಸಿ. ರಾತ್ರಿ ಕೊನೆಯ ಬಸ್ ಎಷ್ಟಕ್ಕೆ ಅಂತ ಕಂಡಕ್ಟರನ್ನು ಕೇಳಿ, ಬ್ರೋಕರನ್ನು ಕೇಳಬೇಡಿ. ಬಸ್ ಸ್ಟಾಪಿನಿಂದ ಮನೆಗೆ ರಾತ್ರಿ ಏಳೂವರೆಗೆ ಒಮ್ಮೆ ನಡೆದು ನೋಡಿ. ದಾರಿದೀಪ ಉರಿಯುತ್ತಾ, ನಾಯಿಗಳು ಎಷ್ಟಿವೆ, ಏರು ಎಷ್ಟು? ಮಂಗಳೂರಿನಲ್ಲಿ ಸ್ಟಾಪಿನಿಂದ ಐದು ನಿಮಿಷ ಅಂದರೆ ಕೆಲವೊಮ್ಮೆ ಐದು ನಿಮಿಷದ ಗುಡ್ಡ.

ಪೆಟ್ರೋಲಿನ ಲೆಕ್ಕ

ದೂರದ ಮನೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಒಂದು ಕಾಗದ ತೆಗೆದುಕೊಳ್ಳಿ. ಒಂದು ಮನೆ ಆಫೀಸಿನಿಂದ 4 ಕಿ.ಮೀ., ಇನ್ನೊಂದು 20 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗಿ ಬರಲು ದಿನಕ್ಕೆ 32 ಕಿ.ಮೀ. ಜಾಸ್ತಿ. ತಿಂಗಳಿಗೆ 25 ದಿನ ಅಂದರೆ 800 ಕಿ.ಮೀ. ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 53 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ 5,300 ರೂಪಾಯಿ. ಈಗ ಇನ್ನೊಂದು ಕಡೆ ನೋಡಿ: ಶೇ 8.5 ಬಡ್ಡಿಗೆ 20 ವರ್ಷದ ಸಾಲ ಮಾಡಿದರೆ 10 ಲಕ್ಷಕ್ಕೆ ತಿಂಗಳ ಕಂತು ಸುಮಾರು 8,680 ರೂಪಾಯಿ. 5,300 ರೂಪಾಯಿ ಅಂದರೆ ಸುಮಾರು 6 ಲಕ್ಷ ಸಾಲದ ಕಂತು. ಹತ್ತಿರದ ಮನೆ 6 ಲಕ್ಷ ಜಾಸ್ತಿ ಆದರೂ ಕೈಗೆ ಹೊರೆ ಒಂದೇ. ಸ್ಕೂಟರ್ ಆದರೆ ಈ ಲೆಕ್ಕ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ, ಆಗ ದೂರದ ಮನೆಯೇ ಲಾಭ ಆಗಬಹುದು. ಹೋಗುವಾಗ 40, ಬರುವಾಗ 40 ನಿಮಿಷ ಹೆಚ್ಚಾದರೆ ತಿಂಗಳಿಗೆ 33 ಗಂಟೆ. ನಾಲ್ಕು ದಿನದ ಡ್ಯೂಟಿ, ಸಂಬಳ ಇಲ್ಲದೆ.

ಆಟಿಯಲ್ಲಿ ಜಾಗ ನೋಡಿ

ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ನಮ್ಮಲ್ಲಿ ಗೃಹಪ್ರವೇಶ ಮಾಡುವವರಿಲ್ಲ, ಜಾಗ ನೋಡಲು ಹೋಗುವವರೂ ಕಡಿಮೆ. ನನ್ನ ಮಟ್ಟಿಗೆ ಜಾಗ ನೋಡಲು ಅದಕ್ಕಿಂತ ಒಳ್ಳೆ ತಿಂಗಳು ಬೇರೆ ಇಲ್ಲ. ಒಪ್ಪಂದ ಆಮೇಲೆ ಮಾಡಿ, ಬೇಡ ಅಂದವರು ಯಾರು? ಎರಡು ದಿನ ಬಿಡದೆ ಮಳೆ ಸುರಿದ ಮೇಲೆ ಕೊಡೆ ಹಿಡಿದು ಹೋಗಿ.

ಊರಿನ ಹೆಸರೇ ಅರ್ಧ ಹೇಳುತ್ತದೆ. 'ಬೈಲು' ಅಂದರೆ ಗದ್ದೆ ಇದ್ದ ತಗ್ಗು. 'ಪದವು' ಅಂದರೆ ಮೇಲಿನ ಮುರಕಲ್ಲಿನ (ಕೆಂಪು ಕಲ್ಲಿನ) ಬಯಲು. ಬೈಲಿನಲ್ಲಿ ಬಾವಿಗೆ ನೀರಿನ ಚಿಂತೆ ಕಡಿಮೆ, ಆದರೆ ಜುಲೈನಲ್ಲಿ ಆ ನೀರು ಅಂಗಳಕ್ಕೂ ಬರಬಹುದು. ಪದವಿನಲ್ಲಿ ಮಳೆ ನೀರು ನಿಲ್ಲುವುದಿಲ್ಲ, ಏಪ್ರಿಲ್‌ನಲ್ಲಿ ಬಾವಿಯ ನೀರೂ ನಿಲ್ಲುವುದಿಲ್ಲ. ಎರಡರಲ್ಲಿ ಯಾವ ತಾಪತ್ರಯ ನಿಮಗೆ ಸಹಿಸಲು ಸುಲಭ ಅಂತ ಮೊದಲೇ ಯೋಚಿಸಿ.

2018ರ ಮೇ 29ರ ಮಳೆ ನೆನಪಿರಬಹುದು. ಮಳೆಗಾಲ ಸರಿಯಾಗಿ ಶುರುವಾಗುವ ಮುಂಚೆಯೇ ಒಂದೇ ದಿನದಲ್ಲಿ ಊರೆಲ್ಲ ನೀರು. ಕೊಟ್ಟಾರ ಚೌಕಿಯವರನ್ನು ಕೇಳಿದರೆ ಅದೊಂದೇ ಸಲ ಅನ್ನುವುದಿಲ್ಲ. ತಗ್ಗಿನಲ್ಲಿ ಮನೆ ನೋಡಿದರೆ ಹಿಂದೆ ಅಲ್ಲಿ ತೋಡು, ಅಂದರೆ ಸಣ್ಣ ಹಳ್ಳ, ಹರಿಯುತ್ತಿತ್ತಾ, ಈಗ ಅದು ಎಲ್ಲಿ ಹೋಯಿತು ಅಂತ ಕೇಳಿ. ತೋಡಿಗೆ ಸ್ಲ್ಯಾಬ್ ಹಾಕಿ ಮೇಲೆ ಪಾರ್ಕಿಂಗ್ ಮಾಡಿದ್ದರೆ ನಾನಾದರೆ ಅಲ್ಲಿಂದ ವಾಪಸ್ ಬರುತ್ತೇನೆ.

ನಮಗೆ ಒಂದು ಕಡೆ ಮನೆ ತುಂಬಾ ಹಿಡಿಸಿತ್ತು. ಹೊಸ ಬಣ್ಣ, ಹೊಸ ಟೈಲ್ಸ್. ಎದುರಿನ ಗೂಡಂಗಡಿಯಲ್ಲಿ ಸೋಡಾ ಕುಡಿಯುತ್ತಾ ನಿಂತಿದ್ದೆ. ಅಂಗಡಿಯ ಫ್ರಿಜ್ಜಿನ ಕೆಳಗೆ ಎರಡು ಸಾಲು ಕೆಂಪು ಕಲ್ಲು ಇಟ್ಟಿದ್ದರು. ಬಾಗಿಲು ತೆಗೆಯಲು ಅವರೇ ಸ್ವಲ್ಪ ಕೈ ಎತ್ತಬೇಕಿತ್ತು.

"ಇದೆಂತ ಅಣ್ಣ, ಇಷ್ಟು ಎತ್ತರ?"

"ಜೂನ್‌ನಲ್ಲಿ ಒಮ್ಮೆ ಬನ್ನಿ ಅಕ್ಕ, ಗೊತ್ತಾಗ್ತದೆ."

ನಾವು ಮತ್ತೆ ಆ ಮನೆಯ ಮಾತೆತ್ತಲಿಲ್ಲ. ಅಕ್ಕಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಕೆಸರಿನ ಗೆರೆ ಇದೆಯಾ, ಹೊಸ್ತಿಲು ಇತ್ತೀಚೆಗೆ ಏರಿಸಿದ್ದಾರಾ, ಮೀಟರ್ ಬೋರ್ಡು ಯಾಕೆ ಅಷ್ಟು ಮೇಲಿದೆ ಅಂತ ಕಣ್ಣು ಹಾಯಿಸಿ.

ಗುಡ್ಡದ ಮನೆಯಾದರೆ ಹಿಂದಕ್ಕೆ ಹೋಗಿ ನೋಡಿ. ಜೆಸಿಬಿಯಲ್ಲಿ ನೇರ ಕಡಿದ ಗುಡ್ಡ, ಅದರ ಬುಡದಲ್ಲಿ ಮನೆ, ನಡುವೆ ಮೂರಡಿ ಓಣಿ. ಇದು ಈಗ ಎಲ್ಲೆಲ್ಲೂ ಕಾಣುತ್ತದೆ. ಮೇಲಿನ ಮುರಕಲ್ಲು ಗಟ್ಟಿ ಇರುತ್ತದೆ, ಕೆಳಗಿನ ಜೇಡಿ ಮಣ್ಣು ನೀರು ಕುಡಿದು ಜಾರುತ್ತದೆ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರಲು ಪೈಪು ಇಟ್ಟಿದ್ದಾರಾ ನೋಡಿ. ಪೈಪಿಲ್ಲದ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದರೆ ಅದರ ಕೆಳಗೆ ಮಲಗುವ ಕೋಣೆ ಬೇಡ.

ಗಾಳಿಯ ದಿಕ್ಕೂ ಒಂದು ವಿಷಯವೇ. ಮೀನು ಎಣ್ಣೆ ಮಿಲ್ಲು, ಕಾರ್ಖಾನೆ, ತ್ಯಾಜ್ಯ ರಾಶಿ ಹತ್ತಿರ ಇದ್ದರೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ ನಿಲ್ಲಿ. ಪಚ್ಚನಾಡಿಯ ಕಸದ ರಾಶಿ 2019ರ ಆಗಸ್ಟ್ ಮಳೆಗೆ ಕೆಳಗಿನ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಜಾರಿ ಬಂದದ್ದನ್ನು ಯಾರೂ ಮರೆತಿಲ್ಲ.

ನೀರು ಕುಡಿದು ನೋಡಿ

ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಗೆಗೆ ಟ್ಯಾಂಕರ್ ಅಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. 2019ರ ಬೇಸಗೆಯಲ್ಲಿ ಎರಡೂ ಕಡೆ ಹೊಳೆ ಬತ್ತಿ ನೀರನ್ನು ಸರದಿಯ ಮೇಲೆ ಕೊಡುವ ಹಾಗಾಯಿತು. ಹಾಗಾಗಿ ನಲ್ಲಿ ಇದ್ದರೂ ಬಾವಿ ನೋಡಿಯೇ ನೋಡಿ. ಫ್ಲ್ಯಾಟ್ ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚಾಯಿತು ಅಂತ ಅಸೋಸಿಯೇಷನ್‌ನವರ ಲೆಕ್ಕದ ಪುಸ್ತಕ ಕೇಳಿ.

ಈ ವಿಷಯದಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ. ಉಳ್ಳಾಲದ ಕಡಲ ಬದಿಯಲ್ಲಿ ಒಂದು ಮನೆ ನೋಡಲು ಮೇ ತಿಂಗಳಲ್ಲಿ ಹೋಗಿದ್ದೆವು. ನಾವು ಅಡುಗೆಮನೆಯ ಗ್ರಾನೈಟ್ ನೋಡುತ್ತಿದ್ದರೆ ಅವರು ಹಿಂದೆ ಹೋಗಿ ಬಾವಿಗೆ ಬಗ್ಗಿದ್ದರು. ಮೊದಲು ರಿಂಗ್ ಎಣಿಸಿದರು. ಆಮೇಲೆ ತಾವೇ ಕೊಡಪಾನ ಇಳಿಸಿ ನೀರು ಸೇದಿದರು, ಕೈಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕಿ ಮುಕ್ಕಳಿಸಿದರು. ಮಾಲೀಕರು ಎದುರಿಗೇ ಇದ್ದರು. "ನೀರು ಚಪ್ಪೆ ಇರ್ಬೇಕಲ್ವಾ, ಇದು ಸ್ವಲ್ಪ ಉಪ್ಪು ಉಂಟು" ಅಂದರು. ಮಾಲೀಕರು ನಕ್ಕು, "ಮಳೆ ಬಂದ ಮೇಲೆ ಸರಿ ಆಗ್ತದೆ ಅಮ್ಮ" ಅಂದರು. ಕಡಲ ಹತ್ತಿರದ ಬಾವಿಗೆ ಬೇಸಗೆಯಲ್ಲಿ ಉಪ್ಪು ನೀರು ನುಗ್ಗುವುದು ಹೊಸದಲ್ಲ. ಅದಕ್ಕೇ ಮನೆಯನ್ನು ಆಟಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ನೋಡಿ ಅನ್ನುವುದು. ಒಂದೇ ಸಲ ಸಾಧ್ಯ ಅಂದರೆ ಇನ್ನೊಂದು ತಿಂಗಳ ಸುದ್ದಿಯನ್ನು ಪಕ್ಕದ ಮನೆಯವರಿಂದ ತಿಳಿದುಕೊಳ್ಳಿ.

ಕಾಗದಪತ್ರ

ಇದನ್ನು ವಕೀಲರಿಗೆ ಬಿಡಿ, ಆದರೆ ವಕೀಲರ ಹತ್ತಿರ ಹೋಗುವ ಮುಂಚೆ ಇಷ್ಟು ನೀವೇ ಕೇಳಿ. ಪಂಚಾಯತ್ ವ್ಯಾಪ್ತಿಯಾದರೆ ನೈನ್–ಇಲೆವೆನ್ ಆಗಿದೆಯಾ? ಅಂದರೆ ಪಂಚಾಯತಿನ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರ್ಮ್ 9 ಮತ್ತು 11. ನಗರ ವ್ಯಾಪ್ತಿಯಾದರೆ ಇ-ಖಾತಾ. ಪಹಣಿಯಲ್ಲಿ ಕೃಷಿ ಜಮೀನು ಅಂತಲೇ ಇದ್ದರೆ ಕನ್ವರ್ಷನ್ ಆದೇಶ ಎಲ್ಲಿ? ಹಳೆ ಇಸಿ (ಋಣಭಾರ ಪ್ರಮಾಣಪತ್ರ) ಕಡಿಮೆ ಅಂದರೆ 15 ವರ್ಷದ್ದು, ಸಾಧ್ಯವಾದರೆ 30 ವರ್ಷದ್ದು ತೆಗೆಸಿ.

ನಮ್ಮ ಜಿಲ್ಲೆಗಳಿಗೇ ಸೇರಿದ ಕೆಲವು ತೊಡಕುಗಳಿವೆ. ಮನೆಯ ಕಾಂಪೌಂಡಿನೊಳಗೆ ಕುಮ್ಕಿ ಸೇರಿದೆಯಾ ನೋಡಿ. ಹತ್ತು ಸೆಂಟ್ಸ್ ಅಂತ ತೋರಿಸುತ್ತಾರೆ, ದಾಖಲೆಯಲ್ಲಿ ಆರೇ ಇರುತ್ತದೆ. ಉಳಿದ ನಾಲ್ಕು ಕುಮ್ಕಿ, ಅಂದರೆ ಸರ್ಕಾರದ್ದು, ಅದಕ್ಕೆ ದುಡ್ಡು ಕೊಡಬೇಡಿ. (1 ಸೆಂಟ್ಸ್ ಅಂದರೆ 435.6 ಚದರ ಅಡಿ. ಟೇಪು ಹಿಡಿದು ಅಳೆಯಲು ನಾಚಿಕೆ ಬೇಡ.) ಊರೊಳಗಿನ ಹಳೆ ಜಾಗ ಮೂಲಗೇಣಿಯದ್ದಾದರೆ (ಶಾಶ್ವತ ಗೇಣಿ) ಮೂಲಿದಾರರು, ಅಂದರೆ ಜಾಗದ ಮೂಲ ಒಡೆಯರು, ಯಾರು, ಅವರ ಹಕ್ಕು ಇತ್ಯರ್ಥ ಆಗಿದೆಯಾ ಕೇಳಿ. ಕುಟುಂಬದ ಆಸ್ತಿಯಾದರೆ ಮುಂಬೈಯಲ್ಲಿ, ದುಬೈಯಲ್ಲಿ ಇರುವವರ ಸಹಿಯೂ ಬೇಕು, "ಅವರದ್ದೇನೂ ತಕರಾರಿಲ್ಲ" ಅನ್ನುವ ಮಾತು ಸಾಲದು. ಜಾಗದಲ್ಲಿ ನಾಗನ ಕಲ್ಲು, ದೈವದ ಕಟ್ಟೆ ಇದ್ದರೆ ವರ್ಷದ ತಂಬಿಲ ಸೇವೆ ಯಾರು ಮಾಡುತ್ತಾರೆ, ಅಲ್ಲಿಗೆ ಬರುವವರಿಗೆ ದಾರಿ ಯಾವುದು ಅನ್ನುವುದೂ ಮೊದಲೇ ಮಾತಾಡಿ ಮುಗಿಸಬೇಕು. ಕಡಲು, ಹೊಳೆ ಬದಿಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬರುತ್ತದೆ ಅಂತ ತಿಳಿದುಕೊಳ್ಳಿ. ಹೊಸ ಅಪಾರ್ಟ್‌ಮೆಂಟ್ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟಿನದ್ದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಲೇಬೇಕು.

ಉಡುಪಿ ಕಡೆಯವರಿಗೆ

ಮಣಿಪಾಲದಲ್ಲಿ ಕೆಲಸ ಇರುವವರಿಗೂ ಹೊಳೆ ಎಣಿಸುವ ಕ್ರಮ ನಡೆಯುತ್ತದೆ. ಬ್ರಹ್ಮಾವರದಿಂದ ಬಂದರೆ ಕಲ್ಯಾಣಪುರದಲ್ಲಿ ಸ್ವರ್ಣಾ, ಕಾಪುವಿನಿಂದ ಬಂದರೆ ಉದ್ಯಾವರ ಹೊಳೆ. ಎರಡೂ ಕಡೆಯವರು ಕೊನೆಗೆ ಕಡಿಯಾಳಿ, ಇಂದ್ರಾಳಿ ದಾರಿಯಲ್ಲಿ ಒಟ್ಟಾಗುತ್ತಾರೆ. ಪರ್ಕಳ, ಹಿರಿಯಡ್ಕ ಕಡೆಯಿಂದ ಬರುವವರಿಗೆ ಉಡುಪಿ ಪೇಟೆಯನ್ನೇ ಮುಟ್ಟಬೇಕಿಲ್ಲ, ನನಗಂತೂ ಆ ಕಡೆಯೇ ಜಾಣತನ ಅನ್ನಿಸುತ್ತದೆ. ಹೊಳೆ ಬದಿಯ ಜಾಗ ನೋಡುವಾಗ 2020ರ ಸೆಪ್ಟೆಂಬರ್ 20ರಂದು ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ. ಅಲ್ಲಿನವರು ಗೋಡೆ ಮುಟ್ಟಿ ತೋರಿಸುತ್ತಾರೆ.

ಕೊನೆಗೆ ಅಡ್ವಾನ್ಸ್

ನಮ್ಮ ಈಗಿನ ಮನೆಯನ್ನು ಮೇ ತಿಂಗಳಲ್ಲಿ ಒಮ್ಮೆ, ಆಟಿಯಲ್ಲಿ ಎರಡು ಸಲ ನೋಡಿದೆವು. ಅತ್ತೆ ನೀರು ಕುಡಿದು ತಲೆಯಾಡಿಸಿದರು. ಆಟಿ ಮುಗಿದು ಸೋಣ ತಿಂಗಳು ಬಂದ ಮೇಲೆ ದುಡ್ಡು ಹಿಡಿದು ಹೋದೆವು. ಈ ಸಲ ಬರೀ ರಶೀದಿ ತೆಗೆದುಕೊಳ್ಳಲಿಲ್ಲ. ಛಾಪಾ ಕಾಗದದಲ್ಲಿ ಕರಾರು ಬರೆಸಿ ಎರಡು ಸಾಲು ಸೇರಿಸಿದೆ: ವಕೀಲರು ನೋಡಿ ದಾಖಲೆ ಸರಿಯಿಲ್ಲ ಅಂದರೆ, ಅಥವಾ ಬ್ಯಾಂಕು ಈ ಜಾಗಕ್ಕೆ ಸಾಲ ಕೊಡದಿದ್ದರೆ, ಅಡ್ವಾನ್ಸ್ ಪೂರ್ತಿ ಹದಿನೈದು ದಿನದೊಳಗೆ ವಾಪಸ್. ಮಾಲೀಕರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದೆಲ್ಲ ಬೇಕಾ ಮಾರಾಯ್ರೆ? ನಾವು ಊರಿನವರೇ ಅಲ್ವಾ?"

"ಬೇಕು ಅಂಕಲ್" ಅಂದೆ. ಪೆನ್ನು ಕೊಟ್ಟೆ.